ಎ1ಸಿ ಹೇಳಿದ್ದು ಒಂದು, ನನ್ನ ನೋಟ್‌ಬುಕ್ ಹೇಳಿದ್ದು ಇನ್ನೊಂದು

ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ರಕ್ತ ಪರೀಕ್ಷೆ ಎ1ಸಿ. ನನ್ನ ಎ1ಸಿ 7.9 ಬಂದ ದಿನ ಡಾಕ್ಟರು ಇನ್ನೊಂದು ಮಾತ್ರೆ ಬರೆಯಲು ಪೆನ್ನು ಎತ್ತಿದ್ದರು. ನಾನು ಬ್ಯಾಗಿನಿಂದ, ಮನೆಯಲ್ಲಿ ನೋಡಿದ ಶುಗರ್ ಬರೆದಿಡುವ ನೋಟ್‌ಬುಕ್ ತೆಗೆದು ಅವರ ಮುಂದಿಟ್ಟೆ. ಅವರು ಹಾಳೆ ತಿರುವಿದರು. ಮತ್ತೆ ರಿಪೋರ್ಟ್ ನೋಡಿದರು. ಪೆನ್ನು ಕೆಳಗಿಟ್ಟು, "ಇವೆರಡೂ ತಾಳೆ ಆಗ್ತಿಲ್ವಲ್ಲ" ಅಂದರು.

ಆ ದಿನದ ಕಥೆ ಅರ್ಥವಾಗಬೇಕಾದರೆ ನೋಟ್‌ಬುಕ್ ಹೇಗೆ ಶುರುವಾಯಿತು ಅಂತ ಮೊದಲು ಹೇಳಬೇಕು.

ಒಂಬತ್ತು ವರ್ಷದ ಹಿಂದೆ ಬೇರೆ ಯಾವುದಕ್ಕೋ ರಕ್ತ ಕೊಟ್ಟಿದ್ದೆ. ಖಾಲಿ ಹೊಟ್ಟೆ ಶುಗರ್ 131 ಬಂತು. ನನಗೆ ಆಗ 41. ಬಾಯಾರಿಕೆ ಇಲ್ಲ, ಸುಸ್ತಿಲ್ಲ, ರಾತ್ರಿ ಮೂತ್ರಕ್ಕೆ ಏಳುತ್ತಿರಲಿಲ್ಲ. ಲ್ಯಾಬಿನವರು ತಪ್ಪು ಮಾಡಿದ್ದಾರೆ ಅಂತಲೇ ಅಂದುಕೊಂಡೆ. ಡಾಕ್ಟರು, "ತೊಂದರೆ ಏನೂ ಕಾಣಿಸದೆ ಇದ್ದಾಗ ಒಂದೇ ಸಲದ ಪರೀಕ್ಷೆ ನೋಡಿ ಸಕ್ಕರೆ ಕಾಯಿಲೆ ಅಂತ ಹೇಳೋದಿಲ್ಲ, ಇನ್ನೊಂದು ಸಲ ನೋಡೋಣ" ಅಂದರು. ಮುಂದಿನ ವಾರ ಖಾಲಿ ಹೊಟ್ಟೆಯದು 129, ಎ1ಸಿ 6.8. ಎರಡೂ ಗೆರೆ ದಾಟಿದ್ದವು. ಟೈಪ್ 2 ಅಂತ ಖಚಿತವಾಯಿತು.

ಆ ಗೆರೆಗಳು ಹೀಗಿವೆ. ಕನಿಷ್ಠ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶುಗರ್ ಇದೆ. 100ರಿಂದ 125 ಬಂದರೆ ಅಂಚಿನಲ್ಲಿದ್ದೀರಿ. 100ಕ್ಕಿಂತ ಕಡಿಮೆ ಇದ್ದರೆ ಸರಿ. ಎ1ಸಿಗೆ ಇದೇ ಲೆಕ್ಕ 6.5 ಮತ್ತು 5.7. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆಗೆ 200 ಮತ್ತು 140. ಕೆಲವು ದೇಶಗಳ ರಿಪೋರ್ಟಿನಲ್ಲಿ 7.0, 8.2 ಅಂತ ಚಿಕ್ಕ ಸಂಖ್ಯೆ ಇರುತ್ತದೆ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ.

ನನಗೆ ತುಂಬಾ ತಡವಾಗಿ ಅರ್ಥವಾದ ವಿಷಯ ಒಂದಿದೆ. ಈ ಗೆರೆಗಳು ಶುಗರ್ ಇದೆಯಾ ಇಲ್ಲವಾ ಅಂತ ಹೇಳುವುದಕ್ಕೆ ಮಾತ್ರ. ಇರುವುದು ಖಚಿತವಾದ ಮೇಲೆ ಗುರಿಯೇ ಬೇರೆ. ಬಹಳಷ್ಟು ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರು ಮಾಡಿ ಎರಡು ಗಂಟೆಗೆ 180ರ ಒಳಗೆ, ಎ1ಸಿ 7ರ ಒಳಗೆ ಇರಲಿ ಅನ್ನುತ್ತಾರೆ. ವಯಸ್ಸಾದವರಿಗೆ, ಪದೇ ಪದೇ ಶುಗರ್ ಇಳಿದು ಹೋಗುವವರಿಗೆ ಸ್ವಲ್ಪ ಸಡಿಲ ಬಿಡುತ್ತಾರೆ. ಬಸುರಿಯರಿಗೆ ಇನ್ನೂ ಬಿಗಿ ಮಾಡುತ್ತಾರೆ. ಆದರೆ ಲ್ಯಾಬಿನ ಕಂಪ್ಯೂಟರ್‌ಗೆ ನೀವು ಯಾರು ಅಂತ ಗೊತ್ತಿಲ್ಲ. ಅದು ಶುಗರ್ ಇಲ್ಲದವರ ಗೆರೆ ಇಟ್ಟುಕೊಂಡೇ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತದೆ. ಮೊದಲ ಎರಡು ವರ್ಷ ನನ್ನ ಎ1ಸಿ 6.7ರ ಆಸುಪಾಸಿನಲ್ಲೇ ಇತ್ತು. ಗುರಿಯ ಒಳಗೇ ಇದ್ದೆ. ಆದರೂ ಆ ದಪ್ಪಕ್ಷರ ನೋಡಿ ಪ್ರತಿ ಸಲ ಸೋತ ಹಾಗೆ ಆಗುತ್ತಿತ್ತು. ಸುಮ್ನೆ ಕೊರಗಿದೆ.

ನೋಟ್‌ಬುಕ್ ಶುರುವಾದದ್ದು ಮನೆಯಲ್ಲೇ ಬೆರಳು ಚುಚ್ಚಿ ಶುಗರ್ ನೋಡುವ ಗ್ಲೂಕೋಮೀಟರ್ ತಂದ ದಿನ. ನಾಲ್ಕು ಕಲಂ ಹಾಕಿಕೊಂಡೆ. ತಾರೀಕು, ಹೊತ್ತು, ಸಂಖ್ಯೆ, ಅದಕ್ಕೆ ಮುಂಚೆ ಏನಾಗಿತ್ತು. ಕೆಲಸಕ್ಕೆ ಬಂದದ್ದು ಈ ನಾಲ್ಕನೆಯ ಕಲಂ. ನಿದ್ದೆ ಬರಲಿಲ್ಲ, ಜ್ವರ ಇತ್ತು, ನಡೆಯಲು ಹೋಗಲಿಲ್ಲ, ಊಟ ಒಂದು ಗಂಟೆ ತಡ, ಭುಜದ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಆ ಇಂಜೆಕ್ಷನ್ ಆದ ಮೇಲೆ ನಾಲ್ಕು ದಿನ ನನ್ನ ಶುಗರ್ 200ರ ಮೇಲೇ ಇತ್ತು. ಆ ಒಂದು ಪದ ಬರೆದಿಟ್ಟುಕೊಳ್ಳದೆ ಇದ್ದಿದ್ದರೆ ಯಾಕೆ ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಮೀಟರ್ ಬಗ್ಗೆ ಒಂದು ಮಾತು. ಒಂದು ಸಂಜೆ ಹಣ್ಣು ಹೆಚ್ಚುತ್ತಾ ಇದ್ದವಳು ಹಾಗೇ ಎದ್ದು ಬಂದು ಬೆರಳು ಚುಚ್ಚಿಕೊಂಡೆ. 212. ಎದೆ ಧಸಕ್ ಅಂತು. ಆಮೇಲೆ ಬೆರಳು ಮೂಸಿ ನೋಡಿದರೆ ಹಣ್ಣಿನ ವಾಸನೆ. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ, ಇನ್ನೊಂದು ಬೆರಳು ಚುಚ್ಚಿದೆ. 139. ಬೆರಳಿಗೆ ಅಂಟಿದ್ದ ಹಣ್ಣಿನ ರಸವೇ ಅಷ್ಟು ಏರಿಸಿತ್ತು. ಆವತ್ತಿನಿಂದ ಕೈ ತೊಳೆಯದೆ ಚುಚ್ಚಿಲ್ಲ. ಚುಚ್ಚುವುದೂ ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ. ಅಲ್ಲಿ ನೋವು ಕಡಿಮೆ.

ಕೈ ತೊಳೆದರೂ ಮೀಟರ್ ಮತ್ತು ಲ್ಯಾಬ್ ಒಂದೇ ಸಂಖ್ಯೆ ಕೊಡುವುದಿಲ್ಲ. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮೀಟರಿನ 100 ಓದುಗಳಲ್ಲಿ 95 ಲ್ಯಾಬಿನ ಸಂಖ್ಯೆಗೆ ಶೇಕಡಾ 15ರಷ್ಟು ಆಚೀಚೆ ಇದ್ದರೂ ಸರಿ. ಶುಗರ್ 100ಕ್ಕಿಂತ ಕಡಿಮೆ ಇದ್ದಾಗ 15 ಮಿಲಿಗ್ರಾಂ ಆಚೀಚೆ. ಅಂದರೆ ನಿಜವಾದದ್ದು 150 ಇದ್ದಾಗ ಮೀಟರ್ 130 ತೋರಿಸಿದರೂ 170 ತೋರಿಸಿದರೂ ಅದು ಕೆಟ್ಟಿದೆ ಅಂತ ಅರ್ಥವಲ್ಲ. ಲ್ಯಾಬಿನ ಕಡೆಯೂ ಒಂದು ಸಮಸ್ಯೆ ಇದೆ. ಟ್ಯೂಬಿನಲ್ಲಿ ಕೂತ ರಕ್ತದ ಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಅದನ್ನು ತಡೆಯಲು ಶುಗರ್‌ಗೆ ಬೂದು ಬಣ್ಣದ ಮುಚ್ಚಳದ, ಫ್ಲೋರೈಡ್ ಇರುವ ಟ್ಯೂಬ್ ಬಳಸುತ್ತಾರೆ. ಅದೂ ತಕ್ಷಣಕ್ಕೆ ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಮೀಟರಿನಲ್ಲಿ 142, ಲ್ಯಾಬಿನಲ್ಲಿ 131 ಅಂತ ನಾನು ಈಗ ಜಗಳಕ್ಕೆ ಹೋಗುವುದಿಲ್ಲ.

ನೋಟ್‌ಬುಕ್ ಬಿಡಿಸಿದ ಮೊದಲ ಗಂಟು ಬೆಳಗಿನ ಶುಗರ್. ರಾತ್ರಿ ಮಲಗುವಾಗ 126, ಬೆಳಿಗ್ಗೆ ಎದ್ದಾಗ 148. ನಡುವೆ ನೀರು ಬಿಟ್ಟು ಏನೂ ಇಲ್ಲ. ರಾತ್ರಿ ಊಟದ್ದೇ ತಪ್ಪು ಅಂತ ಒಂದು ವಾರ ಅರೆಹೊಟ್ಟೆಯಲ್ಲಿ ಮಲಗಿದೆ. ಬೆಳಗಿನ ಸಂಖ್ಯೆ ಅಲ್ಲಾಡಲಿಲ್ಲ. ಡಾಕ್ಟರು ಮೂರು ರಾತ್ರಿ 3 ಗಂಟೆಗೆ ಅಲಾರಾಂ ಇಟ್ಟು ನೋಡಲು ಹೇಳಿದರು. 121, 117, 124. ಅಂದರೆ ಅಲ್ಲಿಯವರೆಗೆ ಎಲ್ಲಾ ಸರಿಯಾಗಿತ್ತು, ಏರಿಕೆ ಆಮೇಲಿನದು. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ. ಲಿವರ್ ತನ್ನ ಹತ್ತಿರ ಇರುವ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ಸರಿದೂಗಿಸುತ್ತದೆ. ನಮ್ಮಲ್ಲಿ ಆಗುವುದಿಲ್ಲ. ಅದೇ 3 ಗಂಟೆಗೆ 70ಕ್ಕಿಂತ ಕೆಳಗೆ ಬಂದಿದ್ದರೆ ಔಷಧಿ ಜಾಸ್ತಿಯಾಗಿದೆ ಅನ್ನುವ ಅನುಮಾನ ಬರುತ್ತಿತ್ತು. ಬೆಳಗಿನ ಸಂಖ್ಯೆ ಒಂದೇ ಇದ್ದರೂ ಮಾಡಬೇಕಾದ್ದು ತದ್ವಿರುದ್ಧ ಆಗುತ್ತಿತ್ತು, ಅಲ್ವಾ? ನನಗೆ ಡಾಕ್ಟರು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಹೊತ್ತು ಬದಲಿಸಿದರು. ನಾನು ಮತ್ತೆ ನೆಮ್ಮದಿಯಾಗಿ ರಾತ್ರಿ ಊಟ ಮಾಡತೊಡಗಿದೆ.

ಮೂತ್ರದ ರಿಪೋರ್ಟ್ ಎರಡು ಸಲ ಹೆದರಿಸಿದೆ. ಒಮ್ಮೆ ನನ್ನ ರಿಪೋರ್ಟ್ ತರಲು ಹೋದ ತಂಗಿ ಲ್ಯಾಬಿನಿಂದಲೇ ಫೋನ್ ಮಾಡಿದಳು. "ಅಕ್ಕಾ, ಮೂತ್ರದಲ್ಲಿ ಶುಗರ್ ನಾಲ್ಕು ಪ್ಲಸ್ ಅಂತ ಇದೆ ಕಣೇ" ಅಂದಳು. ಅವಳ ದನಿ ನಡುಗುತ್ತಿತ್ತು. ಅದೇ ಬೆಳಗಿನ ರಕ್ತದ ಶುಗರ್ 118. ಸಾಮಾನ್ಯವಾಗಿ ರಕ್ತದಲ್ಲಿ ಸುಮಾರು 180 ದಾಟಿದರೆ ಮಾತ್ರ ಕಿಡ್ನಿ ಶುಗರನ್ನು ಮೂತ್ರಕ್ಕೆ ಬಿಡುತ್ತದೆ. ಆದರೆ ನಾನು ಎರಡು ತಿಂಗಳಿಂದ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದೆ. ಶುಗರನ್ನು ಮೂತ್ರದಲ್ಲಿ ಹೊರಗೆ ಹಾಕುವುದೇ ಆ ಮಾತ್ರೆಯ ಕೆಲಸ. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೂ ಹೀಗೇ ಕಾಣುತ್ತದೆ. ಈ ಮಾತ್ರೆಗಳ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಒಂದು ವಿಷಯ ಕೇಳಿಟ್ಟುಕೊಳ್ಳಿ. ವಾಂತಿ ಭೇದಿ ಆದಾಗ, ಆಪರೇಷನ್ ಇದ್ದಾಗ ಇವುಗಳನ್ನು ನಿಲ್ಲಿಸಬೇಕಾಗುತ್ತದೆ. ಯಾವಾಗ, ಎಷ್ಟು ದಿನ ಅಂತ ಗೊತ್ತಿರಲಿ.

ಇನ್ನೊಂದು ಸಲ ಮೂತ್ರದ ಆಲ್ಬುಮಿನ್ ಅನ್ನುವ ಪ್ರೋಟೀನ್ 48 ಬಂತು. ಮೂತ್ರದಲ್ಲಿ ಹೊರಹೋಗುವ ಕಸವಾದ ಕ್ರಿಯಾಟಿನಿನ್ ಗ್ರಾಂಗೆ 30 ಮಿಲಿಗ್ರಾಂ ಒಳಗೆ ಇರಬೇಕು. ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ಮೊದಲು ತಿಳಿಸುವ ಪರೀಕ್ಷೆಗಳಲ್ಲಿ ಇದೂ ಒಂದು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ನಾಲ್ಕನೆಯ ಕಲಂ ನೋಡಿದರೆ "ಉರಿಮೂತ್ರ, ಸ್ವಲ್ಪ ಜ್ವರ" ಅಂತ ಬರೆದುಕೊಂಡಿದ್ದೆ. ಮೂತ್ರದ ಸೋಂಕು, ಜ್ವರ, ಮೈಬಗ್ಗಿಸಿ ಮಾಡಿದ ವ್ಯಾಯಾಮ ಎಲ್ಲವೂ ಇದನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಅದಕ್ಕೇ ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡು ಸಲವಾದರೂ ಜಾಸ್ತಿ ಬಂದರೆ ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಾರೆ. ಸೋಂಕು ವಾಸಿಯಾದ ಮೇಲೆ ನನಗೆ 14, 11 ಬಂತು. ರಕ್ತದ ಕ್ರಿಯಾಟಿನಿನ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ. ಅದರ ಜೊತೆ ವಯಸ್ಸು ಸೇರಿಸಿ ಲೆಕ್ಕ ಹಾಕಿದ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಇಜಿಎಫ್‌ಆರ್ ನೋಡಿ. ಅದು ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಕಿಡ್ನಿ ಕಾಯಿಲೆ ಅಂತ ಅರ್ಥ. ಕೊಲೆಸ್ಟ್ರಾಲ್ ಹಾಳೆಯಲ್ಲಿ ನಾನು ನೋಡುವುದು ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್. ಅಲ್ಲೂ ಅಷ್ಟೇ, ಶುಗರ್ ಇರುವವರ ಗುರಿ ಅಚ್ಚಾದ ಗೆರೆಗಿಂತ ಕಡಿಮೆ. ನನ್ನ ಗುರಿ 70ರ ಒಳಗೆ.

ಈಗ 7.9ರ ವಿಷಯ.

ಎ1ಸಿ ಅಳೆಯುವುದು ರಕ್ತದಲ್ಲಿ ಓಡಾಡುವ ಶುಗರನ್ನಲ್ಲ. ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಶುಗರನ್ನು. ಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಇದನ್ನು ಮೂರು ತಿಂಗಳ ಶುಗರ್ ಅನ್ನುತ್ತೇವೆ. ಆದರೆ ಇದರಲ್ಲಿ ಸುಮಾರು ಅರ್ಧ ಪಾಲು ಕೊನೆಯ ಒಂದು ತಿಂಗಳದ್ದು. ಇದನ್ನು ಸರಾಸರಿ ಶುಗರ್‌ಗೆ ಬದಲಿಸುವ ಲೆಕ್ಕವೂ ಇದೆ. ಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಬೇಕು. 6ಕ್ಕೆ 126, 7ಕ್ಕೆ 154, 8ಕ್ಕೆ 183. ನನ್ನ 7.9 ಅಂದರೆ ಸರಾಸರಿ 180. ನೋಟ್‌ಬುಕ್ಕಿನ ಸರಾಸರಿ 148.

ಡಾಕ್ಟರು ನನ್ನ ನೋಟ್‌ಬುಕ್ಕನ್ನು ಹಾಗೇ ನಂಬಲಿಲ್ಲ. ಅದು ನನಗೆ ಇಷ್ಟವಾಯಿತು. ಶುಗರ್ ಏರುವ ಹೊತ್ತನ್ನು ಬಿಟ್ಟು ಬೇರೆ ಹೊತ್ತು ಮಾತ್ರ ನೋಡುತ್ತಿರಬಹುದು ಅಂದರು. ಒಂದು ವಾರ ದಿನಕ್ಕೆ ಏಳು ಸಲ ಚುಚ್ಚಿಕೊಂಡೆ. ಮೂರು ಊಟಕ್ಕೂ ಮುಂಚೆ, ಎರಡು ಗಂಟೆ ಆದ ಮೇಲೆ, ಮಲಗುವಾಗ. ಮೀಟರನ್ನೂ ಲ್ಯಾಬಿಗೆ ಒಯ್ದು ಅಲ್ಲಿ ರಕ್ತ ಕೊಟ್ಟ ಹೊತ್ತಿಗೇ ಚುಚ್ಚಿ ನೋಡಿದೆ. ಲ್ಯಾಬು 138, ಮೀಟರ್ 144. ವಾರದ ಸರಾಸರಿ 146. ಮೀಟರಿನಲ್ಲೂ ತಪ್ಪಿಲ್ಲ, ಹೊತ್ತಿನಲ್ಲೂ ತಪ್ಪಿಲ್ಲ.

ಆಗ ಅವರು ಕೇಳಿದ್ದು ಶುಗರ್ ಬಗ್ಗೆ ಅಲ್ಲ. "ಮುಟ್ಟು ಹೇಗಾಗ್ತಿದೆ?" ಅಂದರು. ಒಂದು ವರ್ಷದಿಂದ ರಕ್ತಸ್ರಾವ ತುಂಬಾ ಜಾಸ್ತಿ ಇತ್ತು. ಈ ವಯಸ್ಸಿಗೆ ಹೀಗೇ ಅಂತ ಸುಮ್ಮನಿದ್ದೆ. ರಕ್ತಕಣಗಳ ಲೆಕ್ಕ ನೋಡುವ ಸಿಬಿಸಿ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12 ಆದರೂ ಇರಬೇಕು. ಕಣದ ಗಾತ್ರ ಹೇಳುವ ಎಂಸಿವಿ 71, ಅದು 80ರ ಮೇಲಿರಬೇಕು. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರೀ 7. ಕಬ್ಬಿಣ ಇಲ್ಲದೆ ಹೊಸ ಕಣಗಳು ಬೇಗ ಹುಟ್ಟುವುದಿಲ್ಲ. ಹಳೆಯ ಕಣಗಳೇ ಹೆಚ್ಚಾಗಿ ಉಳಿಯುತ್ತವೆ. ಹಳೆಯದಾದಷ್ಟೂ ಅಂಟಿದ ಶುಗರ್ ಜಾಸ್ತಿ. ಹಾಗಾಗಿ ಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬಿ12 ಕೊರತೆಯಲ್ಲೂ ಹೀಗಾಗುತ್ತದೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಇಳಿಯುವುದರಿಂದ ಅದನ್ನೂ ನೋಡಿದರು. ನನ್ನದು ಸರಿ ಇತ್ತು. ಇದಕ್ಕೆ ಉಲ್ಟಾ ಕೂಡ ಇದೆ. ಕಣಗಳು ಬೇಗ ಒಡೆದು ಹೋಗುವ ಕಾಯಿಲೆ ಇದ್ದರೆ, ಇದ್ದಕ್ಕಿದ್ದಂತೆ ತುಂಬಾ ರಕ್ತ ಹೋಗಿದ್ದರೆ, ಎ1ಸಿ ಕಡಿಮೆ ಬರುತ್ತದೆ. ಅದು ಇನ್ನೂ ಅಪಾಯ, ಯಾಕೆಂದರೆ ಒಳ್ಳೆಯ ಸಂಖ್ಯೆಯನ್ನು ಯಾರೂ ಅನುಮಾನಿಸುವುದಿಲ್ಲ.

ಇನ್ನೊಂದು ಶುಗರ್ ಮಾತ್ರೆ ಆ ದಿನ ಬರೆಯಲಿಲ್ಲ. ಬರೆದಿದ್ದರೆ, ಅದು ಶುಗರ್ ಇಳಿಸಿಬಿಡುವ ಜಾತಿಯದ್ದಾಗಿದ್ದರೆ, ನಾನು ಎಲ್ಲೋ ಬೆವರಿ ನಡುಗಿ ಬೀಳುತ್ತಿದ್ದೆನೇನೋ. ಅದರ ಬದಲು ಕಬ್ಬಿಣದ ಮಾತ್ರೆ, ಜೊತೆಗೆ ಸ್ತ್ರೀರೋಗ ತಜ್ಞರಿಗೆ ಒಂದು ಚೀಟಿ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ಅದಕ್ಕೆ ಚಿಕಿತ್ಸೆ ಆಯಿತು. ನಾಲ್ಕು ತಿಂಗಳು ಬಿಟ್ಟು ನೋಡಿದರೆ ಹಿಮೋಗ್ಲೋಬಿನ್ 12.3, ಎ1ಸಿ 6.9. ಶುಗರ್ ಮಾತ್ರೆ ಒಂದೂ ಬದಲಾಗಿರಲಿಲ್ಲ. ನೋಟ್‌ಬುಕ್ಕಿನ ಸರಾಸರಿ ಆಗಲೂ 147.

ಈಗ ಎ1ಸಿಗೆ ರಕ್ತ ಕೊಡುವ ದಿನವೇ ಸಿಬಿಸಿಗೂ ಕೊಡುತ್ತೇನೆ. ರಿಪೋರ್ಟ್ ಬಂದ ಮೇಲೆ ಎ1ಸಿ ಸಂಖ್ಯೆಯ ಪಕ್ಕ ಪೆನ್ಸಿಲ್‌ನಲ್ಲಿ ಎರಡು ಸಂಖ್ಯೆ ಬರೆಯುತ್ತೇನೆ. ಒಂದು ಆವತ್ತಿನ ಹಿಮೋಗ್ಲೋಬಿನ್. ಇನ್ನೊಂದು ನೋಟ್‌ಬುಕ್ಕಿನ ಕಳೆದ ತಿಂಗಳ ಸರಾಸರಿ. ಡಾಕ್ಟರು ಮೊದಲು ನೋಡುವುದು ಆ ಪೆನ್ಸಿಲ್ ಬರಹವನ್ನೇ.