ಹಡಗಿಗೆ ಸಬ್ಸಿಡಿ ಎಷ್ಟು? ನೀವೇ ಲೆಕ್ಕ ಹಾಕಿ

ನಮ್ಮ ದೇಶ ಬಳಸುವ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಆ ಹಡಗು ಯಾರದು, ಬಾಡಿಗೆ ಯಾರ ಕೈ ಸೇರುತ್ತದೆ ಅನ್ನುವುದು ಹುಬ್ಬಳ್ಳಿಯ ಅಡುಗೆಮನೆಗೂ ಸಂಬಂಧಪಟ್ಟ ವಿಷಯ. 1987-88ರಲ್ಲಿ ದೇಶದ ಆಮದು-ರಫ್ತು ಸರಕಿನಲ್ಲಿ ಶೇ 40.7ರಷ್ಟನ್ನು ಭಾರತದ ಹಡಗುಗಳೇ ಸಾಗಿಸುತ್ತಿದ್ದವು. 2018-19ರ ಹೊತ್ತಿಗೆ ಅದು ಶೇ 7.8ಕ್ಕೆ ಇಳಿಯಿತು.

ಇದನ್ನು ತಡೆಯಲು 2021ರ ಜುಲೈನಲ್ಲಿ ಕೇಂದ್ರ ಸಂಪುಟ, ಸರ್ಕಾರಿ ಆಮದು ಸರಕು ಸಾಗಿಸುವ ಭಾರತದ ಹಡಗು ಕಂಪನಿಗಳಿಗೆ ಐದು ವರ್ಷಕ್ಕೆ 1,624 ಕೋಟಿ ರೂಪಾಯಿಯ ಸಬ್ಸಿಡಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರ ಲೆಕ್ಕ ಕಷ್ಟವೇನಲ್ಲ. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಒಂದು ಹಾಳೆ, ಪೆನ್ನು ಹಿಡಿದು ಕೂತರೆ ಸಾಕು.

ಹಂತ 1: ಸರಕು ಯಾರದು ನೋಡಿ

ಸಚಿವಾಲಯ ಅಥವಾ ಕೇಂದ್ರ ಸರ್ಕಾರಿ ಕಂಪನಿ ತನ್ನ ಆಮದಿಗೆ ಜಾಗತಿಕ ಟೆಂಡರ್ ಕರೆದಿದ್ದರೆ ಮಾತ್ರ ಮುಂದೆ ಹೋಗಿ. ಸರ್ಕಾರಿ ತೈಲ ಕಂಪನಿ ಕಚ್ಚಾ ತೈಲಕ್ಕೋ ಎಲ್‌ಪಿಜಿಗೋ ಹಡಗು ಹಿಡಿದರೆ ಅದು ಲೆಕ್ಕಕ್ಕೆ ಬರುತ್ತದೆ. ಮರ್ಮಗೋವಾ ಬಂದರಿನಿಂದ ಹುಬ್ಬಳ್ಳಿ, ಗದಗ ದಾಟಿ ಬಳ್ಳಾರಿ ಕಡೆಯ ಖಾಸಗಿ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಬರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯೂ ಅಷ್ಟೇ. ಅದು ರಫ್ತು, ಅದೂ ಖಾಸಗಿ ವ್ಯಾಪಾರಿಗಳದ್ದು.

ಹಂತ 2: ಹಡಗಿನ ವಯಸ್ಸು

2021ರ ಫೆಬ್ರುವರಿ 1ರ ನಂತರ ಭಾರತದ ಧ್ವಜದಡಿ ನೋಂದಣಿಯಾಗಿ, ಆಗ 10 ವರ್ಷದೊಳಗಿದ್ದ ಹಡಗಿಗೆ ಸಬ್ಸಿಡಿಯ ಮಿತಿ ಆರಂಭದಲ್ಲಿ ವಿದೇಶಿ ಹಡಗು ಕೇಳಿದ ದರದ ಶೇ 15. 10ರಿಂದ 20 ವರ್ಷದ್ದಾದರೆ ಶೇ 10. ಈ ದರಗಳು ವರ್ಷಕ್ಕೆ ಒಂದೊಂದು ಅಂಶ ಇಳಿದು ಕ್ರಮವಾಗಿ 10 ಮತ್ತು 5ಕ್ಕೆ ನಿಲ್ಲುತ್ತವೆ. ಆ ದಿನಕ್ಕೆ ಮೊದಲೇ ನಮ್ಮ ಧ್ವಜ ಹಾರಿಸುತ್ತಿದ್ದ ಹಡಗುಗಳಿಗೆ, ಇದೇ ಎರಡು ವಯಸ್ಸಿನ ಗುಂಪಿಗೆ ತಕ್ಕಂತೆ, ಶೇ 10 ಮತ್ತು 5. ಇಪ್ಪತ್ತು ದಾಟಿದ್ದಕ್ಕೆ ಏನೂ ಇಲ್ಲ.

ಹಂತ 3: ಎರಡು ದರ ಪಕ್ಕಪಕ್ಕ ಬರೆಯಿರಿ

ಟೆಂಡರ್‌ನಲ್ಲಿ ವಿದೇಶಿ ಹಡಗು ಎಲ್ಲರಿಗಿಂತ ಕಡಿಮೆ, 10 ಕೋಟಿ ಕೇಳಿದೆ ಎನ್ನೋಣ. ನಮ್ಮ ಹಡಗು 11.20 ಕೋಟಿ ಕೇಳಿದೆ. ಆಗ ನಮ್ಮವರಿಗೆ ಒಂದು ಹಕ್ಕಿದೆ: ಅದೇ 10 ಕೋಟಿಗೆ ಒಪ್ಪಿದರೆ ಕೆಲಸ ಅವರಿಗೇ ಸಿಗುತ್ತದೆ. ಕೈಬಿಡುವ 1.20 ಕೋಟಿಗಾಗಿಯೇ ಸಬ್ಸಿಡಿ. ನಮ್ಮ ಹಡಗೇ ಎಲ್ಲರಿಗಿಂತ ಕಡಿಮೆ ಕೇಳಿದ್ದರೆ ಸಬ್ಸಿಡಿಯ ಮಾತೇ ಇಲ್ಲ.

ಹಂತ 4: ಯಾವುದು ಕಡಿಮೆಯೋ ಅದು

ವಿದೇಶಿ ದರದ ಮೇಲಿನ ಶೇಕಡಾವಾರು ಮಿತಿ, ನಿಜವಾದ ವ್ಯತ್ಯಾಸ, ಇವೆರಡರಲ್ಲಿ ಕಡಿಮೆ ಇರುವ ಮೊತ್ತ ಸಿಗುತ್ತದೆ. ಹಡಗಿಗೆ ಶೇ 15 ಇದ್ದರೆ ಮಿತಿ 1.50 ಕೋಟಿ, ವ್ಯತ್ಯಾಸ 1.20 ಕೋಟಿ. ಸಿಗುವುದು 1.20. ಅದೇ ಹಡಗಿಗೆ ಶೇ 5 ಮಾತ್ರ ಇದ್ದರೆ ಸಿಗುವುದು 50 ಲಕ್ಷ. ಉಳಿದ 70 ಲಕ್ಷ ಮಾಲೀಕರ ಕಿಸೆಯಿಂದಲೇ ಹೋಗಬೇಕು. ಹೊಸ ಹಡಗು ತರುವವರಿಗೆ ಹೆಚ್ಚು ಕೊಡುವುದು ಸರಿಯೇ. ಹಳೆಯದಕ್ಕೆ ಇಂಧನ ಜಾಸ್ತಿ, ರಿಪೇರಿ ಜಾಸ್ತಿ.

ನಮ್ಮ ದರವೇ ಯಾಕೆ ಜಾಸ್ತಿ? ನಾವಿಕರ ತಪ್ಪಲ್ಲ ಅದು. ಇಲ್ಲಿ ಹಡಗಿನ ಸಾಲಕ್ಕೆ ಬಡ್ಡಿ ಹೆಚ್ಚು, ತೀರಿಸುವ ಅವಧಿ ಕಡಿಮೆ. ಹಡಗು ತರಿಸಿಕೊಂಡರೆ ಜಿಎಸ್‌ಟಿ. ಭಾರತದ ಹಡಗಿನಲ್ಲಿ ದುಡಿಯುವ ನಮ್ಮ ನಾವಿಕರ ಸಂಬಳದ ಮೇಲೆ ತೆರಿಗೆ. ಈ ಹೊರೆ ಇಟ್ಟುಕೊಂಡೇ ಸಬ್ಸಿಡಿ ಕೊಡುವುದೆಂದರೆ ತೂತಿನ ಕೊಡಕ್ಕೆ ನೀರು ತುಂಬಿದಂತೆ. ಅಮೆರಿಕವೂ 1936ರ ಕಾನೂನಿನಲ್ಲಿ ತನ್ನ ಹಡಗುಗಳಿಗೂ ವಿದೇಶಿ ಹಡಗುಗಳಿಗೂ ಇದ್ದ ಖರ್ಚಿನ ವ್ಯತ್ಯಾಸ ತುಂಬಿಕೊಡುತ್ತಿತ್ತು. ಹಣ ಕೊಡಬೇಕಾದ್ದು ನಿಜ, ಆದರೆ ಸಾಲದ ಕಷ್ಟ ತೀರದೆ ಹಡಗು ಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. 2025ರಲ್ಲಿ ದೊಡ್ಡ ಹಡಗುಗಳಿಗೆ ಮೂಲಸೌಕರ್ಯದ ಸ್ಥಾನ ಕೊಟ್ಟದ್ದು ಅದಕ್ಕೇ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ದೀರ್ಘಾವಧಿ ಸಾಲಕ್ಕೆ ಅದರಿಂದ ದಾರಿಯಾಗುತ್ತದೆ.

ಹಾವೇರಿ ಜಿಲ್ಲೆಯ ಮೆಣಸಿನಕಾಯಿ ರಫ್ತುದಾರರು ಇಲ್ಲಿ ಒಂದು ಬೇಡಿಕೆ ಇಡಬೇಕು. ಅವರ ಕಂಟೇನರ್‌ಗಳನ್ನು ಒಯ್ಯುವುದು ಬಹುಪಾಲು ವಿದೇಶಿ ಹಡಗುಗಳೇ. ಸರ್ಕಾರಿ ಸರಕಿಗೆ ಕೊಟ್ಟ ಇದೇ ನೆರವು ಭಾರತದ ಕಂಟೇನರ್ ಹಡಗುಗಳಿಗೂ ಬೇಕೆಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಮೂಲಕ ಬರೆದು ಕೇಳಬಹುದು. ಪತ್ರದ ಜೊತೆ ತಮ್ಮ ಹಳೆಯ ಬಾಡಿಗೆ ಬಿಲ್ಲುಗಳನ್ನೂ ಲಗತ್ತಿಸಲಿ.