ಲೀಗ್‌ಗೆ ಎರಡು ತಂಡ ಹೆಚ್ಚಾದಾಗ ಪಂದ್ಯ ಹಂಚುವುದು ಹೇಗೆ?

ಎಂಟು ತಂಡಗಳ ಕ್ರಿಕೆಟ್ ಲೀಗ್ ಹತ್ತಕ್ಕೇರಿದರೆ ಎಷ್ಟು ಪಂದ್ಯ ಹೆಚ್ಚುತ್ತವೆ? ಸಂಘಟಕರನ್ನು ಕೇಳಿದಾಗಲೆಲ್ಲ ‘ಒಂದು ಹದಿನೈದು’ ಎಂಬ ಉತ್ತರವನ್ನೇ ಕೇಳಿದ್ದೇನೆ. ಎಲ್ಲರೂ ಎಲ್ಲರೊಂದಿಗೆ ಎರಡೆರಡು ಬಾರಿ ಆಡಿದರೆ ಎಂಟು ತಂಡಗಳಿಗೆ 56 ಪಂದ್ಯ ಸಾಕು, ಹತ್ತಕ್ಕೆ 90 ಬೇಕು. ಮುಂದಿನ ಎಡವಟ್ಟುಗಳೆಲ್ಲ ಇಲ್ಲಿಂದಲೇ ಶುರು.

ಮೊದಲು ಲೆಕ್ಕ. ತಂಡಗಳ ಸಂಖ್ಯೆಯನ್ನು ಪ್ರತಿ ತಂಡದ ಪಂದ್ಯಗಳಿಂದ ಗುಣಿಸಿ, ಅರ್ಧ ಮಾಡಿ. 2022ರಲ್ಲಿ ಗುಜರಾತ್ ಮತ್ತು ಲಕ್ನೋ ಬಂದಾಗ ಐಪಿಎಲ್ ತಲಾ 14 ಪಂದ್ಯಗಳನ್ನೇ ಉಳಿಸಿಕೊಂಡಿತು: ಲೀಗ್ ಹಂತಕ್ಕೆ 70, ಪ್ಲೇಆಫ್‌ಗೆ (ಅಗ್ರ ನಾಲ್ಕು ತಂಡಗಳ ಕೊನೆಯ ಸುತ್ತು) 4, ಒಟ್ಟು 74. ಒಂಬತ್ತು ತಂಡಗಳಿಗೆ ತಲಾ 15 ಎಂದು ಬರೆದುಕೊಂಡು ಬಂದವರನ್ನೂ ಕಂಡಿದ್ದೇನೆ. ಗುಣಿಸಿದರೆ 135, ಅರ್ಧ ಪಂದ್ಯ ಆಡಿಸಲಾಗದು. ತಲಾ 14 ದಾಟಲೇಬೇಡಿ. 2018-19ರಲ್ಲಿ 14ಕ್ಕೆ ಏರಿದ್ದ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ 2023-24ರಲ್ಲಿ 10ಕ್ಕೆ ಇಳಿದುಕೊಂಡಿತು.

ಈಗ ಕಷ್ಟದ ಕೆಲಸ: ಯಾರು ಯಾರನ್ನು ಎರಡು ಬಾರಿ ಎದುರಿಸಬೇಕು? ದೊಡ್ಡ ಹಾಳೆ ತೆಗೆದುಕೊಂಡು ಎರಡು ಕಂಬಸಾಲು ಎಳೆಯಿರಿ. ಒಂದೊಂದು ಸಾಲು ಒಂದೊಂದು ಗುಂಪು: ಎಡಕ್ಕೆ ಅ1ರಿಂದ ಅ5, ಬಲಕ್ಕೆ ಬ1ರಿಂದ ಬ5. ಪ್ರತಿ ತಂಡ ತನ್ನ ಗುಂಪಿನ ನಾಲ್ವರೊಂದಿಗೆ ಎರಡೆರಡು ಬಾರಿ (8), ಎದುರು ಸಾಲಿನಲ್ಲಿ ತನ್ನ ನೇರಕ್ಕಿರುವ ತಂಡದೊಂದಿಗೆ ಎರಡು ಬಾರಿ (2), ಉಳಿದ ನಾಲ್ವರೊಂದಿಗೆ ಒಂದೊಂದು ಬಾರಿ (4) ಆಡಲಿ. ಕೂಡಿದರೆ 14. ಐಪಿಎಲ್ 2022ರಲ್ಲಿ ಮಾಡಿದ್ದು ಇದನ್ನೇ. ಮುಂಬೈ ಎದುರು ಚೆನ್ನೈ, ಕೋಲ್ಕತ್ತ ಎದುರು ಹೈದರಾಬಾದ್, ರಾಜಸ್ಥಾನ ಎದುರು ಬೆಂಗಳೂರು ನೇರಕ್ಕಿದ್ದವು.

ಇಲ್ಲಿ ಎಡವುವುದು ಒಂಟಿ ಪಂದ್ಯಗಳ ಅಂಗಳ ಹಂಚುವಾಗ. ಚೀಟಿ ಎತ್ತಿದರೆ ಒಂದು ತಂಡಕ್ಕೆ ತವರಿನಲ್ಲಿ ಒಂಬತ್ತು, ಇನ್ನೊಂದಕ್ಕೆ ಐದು ಬಂದು ಕೂರುತ್ತವೆ. ಚೀಟಿ ಬಿಡಿ. ಬ ಸಾಲನ್ನು ಚಕ್ರದಂತೆ ಎಣಿಸಿ, ಐದಾದ ಮೇಲೆ ಮತ್ತೆ ಒಂದಕ್ಕೆ ಬನ್ನಿ. ಅ ಸಾಲಿನ ಪ್ರತಿ ತಂಡ ತನ್ನ ನೇರದ ನಂತರದ ಇಬ್ಬರನ್ನು ತವರಿಗೆ ಕರೆಯಲಿ, ಅವರ ನಂತರದ ಇಬ್ಬರ ಅಂಗಳಕ್ಕೆ ತಾನೇ ಹೋಗಲಿ. ಅ1ರ ತವರಿಗೆ ಬ2, ಬ3 ಬರುತ್ತವೆ. ಅದು ಬ4, ಬ5ರಲ್ಲಿಗೆ ಹೋಗುತ್ತದೆ. ಅ4ರ ತವರಿಗೆ ಬ5, ಬ1. ಅದು ಹೋಗುವುದು ಬ2, ಬ3ರಲ್ಲಿಗೆ. ಹತ್ತೂ ತಂಡಗಳಿಗೆ ತವರಿನಲ್ಲಿ ಏಳು, ಹೊರಗೆ ಏಳು ಸಿಗುತ್ತವೆ. ಒಮ್ಮೆ ಪೆನ್ಸಿಲ್ ಹಿಡಿದು ಎಣಿಸಿ ನೋಡಿ.

ಅಂದಹಾಗೆ, ಪುಕ್ಕಟೆ ಸಿಗುವ ವೇಳಾಪಟ್ಟಿ ಆ್ಯಪ್‌ಗಳನ್ನು ನೆಚ್ಚಿಕೊಳ್ಳಬೇಡಿ. ನಾನು ಬಳಸಿ ನೋಡಿದವೆಲ್ಲ ಎಲ್ಲರಿಗೂ ಸಮಾನ ಭೇಟಿ ಎಂದೇ ಹಂಚಿಕೊಟ್ಟವು. ಅವನ್ನು ತಿದ್ದುವ ಹೊತ್ತಿಗೆ ಹಾಳೆಯ ಕೆಲಸ ಮುಗಿದಿರುತ್ತದೆ.

ಗುಂಪು ಮಾಡುವುದು ಹೇಗೆ? ಐಪಿಎಲ್ ಆಗ ಗೆದ್ದ ಪ್ರಶಸ್ತಿ, ಆಡಿದ ಫೈನಲ್‌ಗಳನ್ನು ನೋಡಿ ಶ್ರೇಯಾಂಕ ಕೊಟ್ಟಿತು. ನನ್ನನ್ನು ಕೇಳಿದರೆ ಹಿಂದಿನ ವರ್ಷದ ಅಂಕಪಟ್ಟಿಯೇ ಸರಿ. ಹಳೆಯ ಪ್ರಶಸ್ತಿ ಇಂದಿನ ತಂಡದ ಬಲ ಹೇಳುವುದಿಲ್ಲ. ಹೊಸ ತಂಡಗಳೆರಡನ್ನು ಒಂದೇ ಗುಂಪಿಗಂತೂ ಹಾಕಬೇಡಿ.

ಗುಂಪು ಎರಡಿದ್ದರೂ ಅಂಕಪಟ್ಟಿ ಒಂದೇ ಇರಲಿ. ಗುಂಪಿಗೆ ಇಬ್ಬರಂತೆ ಪ್ಲೇಆಫ್‌ಗೆ ಕಳಿಸಿದರೆ, ಬಲಿಷ್ಠ ಗುಂಪಿನಲ್ಲಿ ಮೂರನೆಯದಾದ ತಂಡ ದುರ್ಬಲ ಗುಂಪಿನ ಎರಡನೆಯದಕ್ಕಿಂತ ಹೆಚ್ಚು ಗೆದ್ದೂ ಮನೆಗೆ ಹೋಗಬೇಕಾದೀತು. ಅಂಕ ಸಮವಾದರೆ ಗೆಲುವಿನ ಸಂಖ್ಯೆ, ಆಮೇಲೆ ನೆಟ್ ರನ್ ರೇಟ್ (ಓವರಿಗೆ ಗಳಿಸಿದ ರನ್ ಸರಾಸರಿಯಿಂದ ಬಿಟ್ಟುಕೊಟ್ಟ ಸರಾಸರಿ ಕಳೆದದ್ದು). ಪರಸ್ಪರ ಪಂದ್ಯದ ಫಲಿತಾಂಶವನ್ನು ನಿಯಮಕ್ಕೆ ಸೇರಿಸಬೇಡಿ. ಕೆಲವರು ಒಮ್ಮೆ, ಕೆಲವರು ಎರಡು ಬಾರಿ ಭೇಟಿಯಾಗಿರುತ್ತಾರಲ್ಲ.

ಪ್ಲೇಆಫ್ ಸುಲಭ: 2011ರಿಂದ ಐಪಿಎಲ್‌ನಲ್ಲಿರುವಂತೆ ಎರಡು ಕ್ವಾಲಿಫೈಯರ್, ಒಂದು ಎಲಿಮಿನೇಟರ್, ಫೈನಲ್. ಮೊದಲ ಇಬ್ಬರ ಕ್ವಾಲಿಫೈಯರ್‌ನಲ್ಲಿ ಗೆದ್ದವರು ನೇರ ಫೈನಲ್‌ಗೆ; ಸೋತವರು, 3–4ನೆಯವರ ಎಲಿಮಿನೇಟರ್ ಗೆದ್ದವರೊಂದಿಗೆ ಎರಡನೇ ಕ್ವಾಲಿಫೈಯರ್ ಆಡುತ್ತಾರೆ.

ಮರುವರ್ಷ ಭೇಟಿಗಳನ್ನು ತಿರುವಿಹಾಕಿ. ಎದುರು ಗುಂಪಿನ ಐವರೊಂದಿಗೆ ಎರಡೆರಡು ಬಾರಿ, ಸ್ವಂತ ಗುಂಪಿನ ನಾಲ್ವರೊಂದಿಗೆ ಒಮ್ಮೆ ಆಡಿಸಿದರೂ 14 ಬರುತ್ತದೆ. ಎರಡೂ ವರ್ಷಗಳ ಹಾಳೆಯನ್ನು ಆಟಗಾರರ ಹರಾಜಿಗೆ ಮೊದಲೇ ತಂಡಗಳ ಕೈಗೆ ಕೊಡಿ. ಯಾವ ಅಂಗಳದಲ್ಲಿ ಎಷ್ಟು ಪಂದ್ಯ ಎಂದು ನೋಡಿಕೊಂಡೇ ಅವರು ಸ್ಪಿನ್ನರ್‌ಗಳನ್ನು ಕೊಳ್ಳುವುದು.