ಕೊಡೆಯೊಳಗೆ ಬಿದ್ದ ಚಾಕಲೇಟು

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಅಂಗಡಿ ಕಳವಿಗೆ ಜೇಬೇ ಬೇಡ, ಅರ್ಧ ಮಡಚಿದ ಕೊಡೆ ಸಾಕು. ಶೆಲ್ಫಿನ ಅಂಚಿಗೆ ಕೊಡೆ ಒರಗಿಸಿ ನಿಂತರೆ ಚಾಕಲೇಟು, ಜೆಲ್ ಪೆನ್ನು ಸದ್ದಿಲ್ಲದೆ ಒಳಗೆ ಜಾರುತ್ತವೆ. ಅದಕ್ಕೇ ನನ್ನ ಅಂಗಡಿಯ ಬಾಗಿಲಲ್ಲಿ ಬಕೆಟ್ ಇಟ್ಟು ಕೊಡೆ ಅಲ್ಲೇ ಇಡಿಸುತ್ತೇನೆ. ಅರ್ಧ ತಲೆನೋವು ಅಲ್ಲಿಗೇ ಕಳೆಯಿತು.

ಇನ್ನರ್ಧಕ್ಕೆ, ಅಂದರೆ ಮಕ್ಕಳು ಕದ್ದಾಗ, ನನ್ನ ಕ್ರಮ ಹೀಗೆ. ಎತ್ತಿದ್ದು, ಅಡಗಿಸಿದ್ದು, ದುಡ್ಡು ಕೊಡದೆ ಗಲ್ಲಾ ದಾಟಿದ್ದು, ಈ ಮೂರನ್ನೂ ಕಣ್ಣಾರೆ ಕಾಣದೆ ಬಾಯಿ ಬಿಡುವುದಿಲ್ಲ. ಎತ್ತಿಕೊಂಡದ್ದನ್ನು ಇನ್ನೆಲ್ಲೋ ಇಟ್ಟು ಹೋಗುವ ಮಕ್ಕಳೇ ಹೆಚ್ಚು. ಖಾತ್ರಿಯಾದರೆ "ಪುಟ್ಟಾ, ಒಂದು ಬಿಲ್ಲಿಗೆ ಬರಲಿಲ್ಲ, ಬಾ ಇಲ್ಲಿ" ಎಂದು ಮೆತ್ತಗೆ ಕರೆದು ಗಲ್ಲಾ ಪಕ್ಕದ ಸ್ಟೂಲಿನಲ್ಲಿ ಕೂರಿಸುತ್ತೇನೆ. ಕೈ ಹಿಡಿದು ಎಳೆಯುವುದು, ಗೋಡೌನಿಗೆ ಕರೆದೊಯ್ಯುವುದು ಇಲ್ಲವೇ ಇಲ್ಲ. ಚೀಲಕ್ಕೂ ಕೈ ಹಾಕುವುದಿಲ್ಲ. "ನೀನೇ ತೆಗೆದಿಡು" ಅಂದು ಬೇರೆ ಕಡೆ ನೋಡಿದರೆ ವಸ್ತು ತಾನಾಗಿ ಮೇಜಿನ ಮೇಲೆ ಬರುತ್ತದೆ. "ಯಾಕೆ ಕದ್ದೆ?" ಅನ್ನುವ ಪ್ರಶ್ನೆ ದಂಡ, ಅದರಿಂದ ಒಂದು ಸುಳ್ಳು ಹುಟ್ಟುತ್ತದೆ ಅಷ್ಟೆ. "ಬೆಳಿಗ್ಗೆ ಏನು ತಿಂದೆ? ಯಾರಾದರೂ ತರೋಕೆ ಹೇಳಿದ್ರಾ?" ಅಂದರೆ ನಿಜ ಹೊರಬೀಳುತ್ತದೆ. ದೊಡ್ಡವರು ಕಳಿಸಿದ್ದು ಅಂತ ತಿಳಿದರೆ, ಇಲ್ಲವೇ ಮನೆಗೆ ಹೇಳಿದರೆ ಮೈ ಮುರಿಯುವ ಹಾಗೆ ಹೊಡೆಯುತ್ತಾರೆ ಅನ್ನಿಸಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನು.

ಉಳಿದಂತೆ ಅಪ್ಪ ಅಮ್ಮನಿಗೆ ತಿಳಿಸುತ್ತೇನೆ. ಫೋನಿನಲ್ಲಿ ಕಳವಿನ ಮಾತಿಲ್ಲ: "ಮಗ ಇಲ್ಲೇ ಇದ್ದಾನೆ, ಹುಷಾರಾಗಿದ್ದಾನೆ, ಒಂಚೂರು ಬಂದು ಹೋಗಿ." ಹಳ್ಳಿಯ ಮಗುವಾದರೆ ಮೊದಲು ಬಸ್ಸಿನ ಹೊತ್ತು ಕೇಳಬೇಕು. ಕೊನೇ ಬಸ್ಸು ತಪ್ಪಿದರೆ ಆ ಮಳೆಕತ್ತಲಲ್ಲಿ ಮಗು ನಮ್ಮ ಹೊಣೆ. ಹೊತ್ತಾಗಿದ್ದರೆ ಬಸ್ಸು ಹತ್ತಿಸಿ, ಮಾತು ಮರುದಿನಕ್ಕೆ.

ದುಡ್ಡು ಎಂಆರ್‌ಪಿಯಷ್ಟೇ. ಹತ್ತು ಪಟ್ಟು ಕೊಡಿ ಎಂದು ಹೆತ್ತವರನ್ನು ಹೆದರಿಸಿದರೆ ಅದು ಸುಲಿಗೆ. "ಅಂಗಡಿ ಗುಡಿಸಿ ತೀರಿಸು" ಅನ್ನುವಂತೆಯೂ ಇಲ್ಲ, 14 ತುಂಬದ ಮಕ್ಕಳಿಂದ ಕೆಲಸ ಮಾಡಿಸುವುದು ಅಪರಾಧ. ವಸ್ತು ಹಾಗೇ ಇದ್ದರೆ ವಾಪಸು ಪಡೆದು ಮುಗಿಸುತ್ತೇನೆ. 20 ರೂಪಾಯಿಯದನ್ನು ತಿಂದೇಬಿಟ್ಟಿದ್ದರೆ ವಾರಕ್ಕೆ 5ರಂತೆ ಮಗುವೇ ತಂದು ಕೊಡಬೇಕು. ಕಡದ ಪುಸ್ತಕದಲ್ಲಿ "ಬಾಕಿ" ಅಂತಷ್ಟೇ ಬರೆಯುತ್ತೇನೆ. ಪುಸ್ತಕ ಹತ್ತು ಜನರ ಕಣ್ಣಿಗೆ ಬೀಳುವಂಥದ್ದು.

ಸಿಸಿಟಿವಿ ತುಣುಕನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಚಟ ಈಗ ಎಲ್ಲರಿಗೂ. ಮಗುವಿನ ಗುರುತು ಬಯಲಾದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೆ: 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ. 20 ರೂಪಾಯಿ ಚಾಕಲೇಟಿಗೆ ಇದು ಯಾವ ವ್ಯಾಪಾರ?

ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಯಾವ ಕ್ರಮವೂ ನಡೆಯುವುದಿಲ್ಲ. ಆ ಜನಜಂಗುಳಿಯಲ್ಲಿ ಯಾರನ್ನು ಕರೆದು ಕೂರಿಸುವುದು? ಚಾಕಲೇಟು ಡಬ್ಬಿಗಳನ್ನೆಲ್ಲ ಗಲ್ಲಾ ಹಿಂದಕ್ಕೆ ಸಾಗಿಸಿಬಿಡುತ್ತೇನೆ.